ಒಂದು ಸದ್ದಿಗೆ ಒಂದೇ ಅರ್ಥ: ಕಾಕ್‌ಪಿಟ್ ಎಚ್ಚರಿಕೆಗಳ ವಿನ್ಯಾಸದ ಬಗ್ಗೆ

2005ರ ಆಗಸ್ಟ್ 14ರಂದು ಸೈಪ್ರಸ್‌ನ ಲಾರ್ನಕಾದಿಂದ ಅಥೆನ್ಸ್‌ಗೆ ಹೊರಟ ಹೀಲಿಯೋಸ್ ಏರ್‌ವೇಸ್‌ನ ಬೋಯಿಂಗ್ 737-300 ವಿಮಾನ 12,000 ಅಡಿಯ ಆಸುಪಾಸಿನಲ್ಲಿ ಮೇಲೇರುತ್ತಿದ್ದಾಗ ಕಾಕ್‌ಪಿಟ್‌ನಲ್ಲಿ ಹಾರ್ನ್ ಬಿಟ್ಟು ಬಿಟ್ಟು ಕೂಗತೊಡಗಿತು. ಕ್ಯಾಬಿನ್ನಿನೊಳಗಿನ ಗಾಳಿ ತೆಳುವಾಗಿದೆ, ಒಳಗಿನ ಒತ್ತಡ 10,000 ಅಡಿ ಎತ್ತರದ ಮಟ್ಟಕ್ಕೆ ಇಳಿದಿದೆ ಎಂಬುದು ಅದರ ಅರ್ಥ. ಹೊರಡುವ ಮುಂಚೆ ನಡೆದ ಒತ್ತಡ ಪರೀಕ್ಷೆಯ ನಂತರ ಒತ್ತಡ ನಿಯಂತ್ರಣದ ನಾಬ್ ‘ಮ್ಯಾನುಯಲ್’ನಲ್ಲೇ ಉಳಿದಿತ್ತು, ಹಾಗಾಗಿ ಒತ್ತಡ ತಾನಾಗಿ ಸರಿಹೊಂದುತ್ತಿರಲಿಲ್ಲ. ಆದರೆ ಅದೇ ಹಾರ್ನ್, ಅದೇ ಲಯದಲ್ಲಿ, ನೆಲದ ಮೇಲಿದ್ದಾಗ ಬೇರೆಯೇ ಮಾತು ಹೇಳುತ್ತದೆ: ಫ್ಲ್ಯಾಪ್ (ಮೇಲೇರಲು ನೆರವಾಗುವಂತೆ ರೆಕ್ಕೆಯಿಂದ ಇಳಿಬಿಡುವ ಪಟ್ಟಿ) ಇಳಿಸಿಲ್ಲ, ಟ್ರಿಮ್ (ಮೂತಿಯ ಸಮತೋಲನದ ಹೊಂದಿಕೆ) ಸರಿಯಿಲ್ಲ, ಟೇಕಾಫ್‌ಗೆ ವಿಮಾನ ಸಜ್ಜಾಗಿಲ್ಲ. ಪೈಲಟ್‌ಗಳು ಈ ಎರಡನೆಯ ಅರ್ಥವನ್ನೇ ಹಿಡಿದರು. ಆಮ್ಲಜನಕದ ಮುಖವಾಡ ಹಾಕಿಕೊಳ್ಳಲಿಲ್ಲ. ವಿಮಾನದಲ್ಲಿದ್ದ 121 ಜನರೂ ಸತ್ತರು.

ಈ ವಿನ್ಯಾಸ ಮಾಡಿದವರ ತರ್ಕದಲ್ಲಿ ತೂತಿರಲಿಲ್ಲ. ಚಕ್ರ ನೆಲದ ಮೇಲಿದ್ದರೆ ಟೇಕಾಫ್ ಎಚ್ಚರಿಕೆ, ಗಾಳಿಯಲ್ಲಿದ್ದರೆ ಒತ್ತಡದ ಎಚ್ಚರಿಕೆ. ಎರಡೂ ಒಟ್ಟಿಗೆ ಬರುವ ಸಾಧ್ಯತೆಯೇ ಇಲ್ಲ, ಹಾಗಾದರೆ ಒಂದೇ ಹಾರ್ನ್ ಸಾಕು ಎಂಬ ಲೆಕ್ಕ. ಕಾಗದದ ಮೇಲೆ ಇದು ಸರಿ. ಆದರೆ ಕಿವಿ ತರ್ಕದಿಂದ ಕೆಲಸ ಮಾಡುವುದಿಲ್ಲ, ರೂಢಿಯಿಂದ ಮಾಡುತ್ತದೆ. ಟೇಕಾಫ್ ಎಚ್ಚರಿಕೆಯನ್ನು ಪೈಲಟ್ ಪರೀಕ್ಷಿಸುವಾಗಲೆಲ್ಲ ಕೇಳಿರುತ್ತಾನೆ; ಒತ್ತಡದ ಹಾರ್ನನ್ನು ನಿಜವಾದ ಹಾರಾಟದಲ್ಲಿ ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ಕೇಳದಿರಬಹುದು. ಸದ್ದು ಕೇಳಿದ ಕ್ಷಣ ಮನಸ್ಸು ಹೆಚ್ಚು ಸಲ ಕೇಳಿದ ಅರ್ಥಕ್ಕೇ ಹೋಗುತ್ತದೆ. ಅದಕ್ಕಿಂತ ಘೋರವಾದ ಮಾತೆಂದರೆ, ಆಮ್ಲಜನಕ ಕಡಿಮೆಯಾಗಿದೆ ಎನ್ನುವ ಎಚ್ಚರಿಕೆಯನ್ನು ಅರ್ಥ ಮಾಡಿಕೊಳ್ಳಬೇಕಾದದ್ದು ಆಮ್ಲಜನಕ ಕಡಿಮೆಯಾಗುತ್ತಿರುವ ಮೆದುಳು. ಅದಕ್ಕೆ ಒಗಟು ಕೊಡಬಾರದು. ಮುಂದೆ ಈ ಮಾದರಿಯ ವಿಮಾನಗಳಲ್ಲಿ ಎರಡೂ ಎಚ್ಚರಿಕೆಗಳಿಗೆ ಬೇರೆ ಬೇರೆ ಹೆಸರಿನ ದೀಪ ಹಾಕುವುದನ್ನು ಕಡ್ಡಾಯ ಮಾಡಿದರು.

ಎಚ್ಚರಿಕೆಗಳ ದರ್ಜೆಯ ಬಗ್ಗೆ ಈಗ. ದೊಡ್ಡ ವಿಮಾನಗಳಿಗೆ ಅಮೆರಿಕದ 25.1322 ನಿಯಮ ಮೂರು ದರ್ಜೆ ಹೇಳುತ್ತದೆ. ತಕ್ಷಣ ತಿಳಿಯಬೇಕು, ತಕ್ಷಣ ಕೈ ಹಾಕಬೇಕು ಎಂದರೆ ವಾರ್ನಿಂಗ್, ಬಣ್ಣ ಕೆಂಪು. ತಕ್ಷಣ ತಿಳಿಯಬೇಕು, ಕೆಲಸ ಆಮೇಲೆ ಮಾಡಿದರೆ ನಡೆಯುತ್ತದೆ ಎಂದರೆ ಕಾಷನ್, ಬಣ್ಣ ಅಂಬರ್ ಅಥವಾ ಹಳದಿ. ಗೊತ್ತಿದ್ದರೆ ಸಾಕು ಎಂದರೆ ಅಡ್ವೈಸರಿ. ಅದಕ್ಕೆ ಕೆಂಪು ಬಳಸುವಂತಿಲ್ಲ. ಮೊದಲೆರಡು ದರ್ಜೆಯವು ಕನಿಷ್ಠ ಎರಡು ಇಂದ್ರಿಯಗಳಿಗೆ ಮುಟ್ಟಬೇಕು: ಕಣ್ಣು ಮತ್ತು ಕಿವಿ, ಅಥವಾ ಕಂಟ್ರೋಲ್ ಕಾಲಮ್ಮನ್ನು ನಡುಗಿಸುವ ಸ್ಟಿಕ್ ಶೇಕರ್‌ನ ಹಾಗೆ ಕೈಗೆ.

ಇಲ್ಲಿ ಗಮನಿಸಬೇಕಾದದ್ದು, ದರ್ಜೆ ನಿರ್ಧರಿಸುವುದು ಕೆಟ್ಟುಹೋದ ಭಾಗದ ಬೆಲೆಯಲ್ಲ, ಪೈಲಟ್‌ಗೆ ಉಳಿದಿರುವ ಸಮಯ. ಏರ್‌ಬಸ್ ಎ320ರಲ್ಲಿ ಮೂರು ಹೈಡ್ರಾಲಿಕ್ ವ್ಯವಸ್ಥೆಗಳಿವೆ, ಅಂದರೆ ದ್ರವದ ಒತ್ತಡದಿಂದ ವಿಮಾನದ ಭಾಗಗಳನ್ನು ಆಡಿಸುವವು. ಒಂದು ಹೋದರೆ ಅಂಬರ್, ಒಂದು ಸಲ ಗಂಟೆ. ಎರಡು ಹೋದರೆ ಕೆಂಪು, ನಿಲ್ಲದ ಗಂಟೆ. ವಿನ್ಯಾಸದ ಸಭೆಗಳಲ್ಲಿ ಪ್ರತಿ ವಿಭಾಗದ ಇಂಜಿನಿಯರಿಗೂ ತನ್ನ ಪಂಪು, ತನ್ನ ವಾಲ್ವು ಕೆಂಪಿಗೆ ಅರ್ಹ ಎನಿಸುವುದು ಸಹಜ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಇದು ಬೆಳಗಿದ ಮೊದಲ ಹತ್ತು ಸೆಕೆಂಡಿನಲ್ಲಿ ಪೈಲಟ್‌ನ ಕೈ ಎಲ್ಲಿಗೆ ಹೋಗಬೇಕು? “ಗಮನ ಇಟ್ಟಿರಬೇಕು” ಎಂಬ ಉತ್ತರ ಬಂದರೆ ಅದು ಕೆಂಪಲ್ಲ. “ಇಳಿದ ಮೇಲೆ ಮೆಕ್ಯಾನಿಕ್ ನೋಡುತ್ತಾನೆ” ಎಂಬ ಉತ್ತರ ಬಂದರೆ ಅದು ಕಾಕ್‌ಪಿಟ್‌ಗೆ ಬರಲೇಬೇಕಿಲ್ಲ, ನಿರ್ವಹಣೆಯ ದಾಖಲೆಗೆ ಹೋದರೆ ಸಾಕು.

ಸದ್ದಿನ ವಿಷಯದಲ್ಲಿ ಜೋರಾಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಅಪಾಯಕಾರಿ. ಕಿವಿಗಡಚಿಕ್ಕುವ ಸದ್ದು ಬೆಚ್ಚಿಬೀಳಿಸುತ್ತದೆ, ಪಕ್ಕದವರ ಮಾತನ್ನೂ ರೇಡಿಯೊವನ್ನೂ ಮುಳುಗಿಸುತ್ತದೆ. ಆಗ ಪೈಲಟ್‌ನ ಮೊದಲ ಕೆಲಸ ಸಮಸ್ಯೆ ಬಿಡಿಸುವುದಲ್ಲ, ಸದ್ದು ನಿಲ್ಲಿಸುವುದು. ಎಚ್ಚರಿಕೆಯ ಸ್ವರ 200ರಿಂದ 4,500 ಹರ್ಟ್ಜ್ ಒಳಗಿರಲಿ, ಒಂದೇ ಕಂಪನಾಂಕದ ಬದಲು ಎರಡಾದರೂ ಕಂಪನಾಂಕಗಳಿರಲಿ. ಒಂದು ಸ್ವರವನ್ನು ಗಾಳಿಯ ಮೊರೆತ ನುಂಗಿದರೆ ಇನ್ನೊಂದು ಕೇಳಿಸುತ್ತದೆ. ಸದ್ದು ಸೊನ್ನೆಯಿಂದ ಒಮ್ಮೆಗೇ ಸಿಡಿಯದೆ 20-30 ಮಿಲಿಸೆಕೆಂಡಿನಲ್ಲಿ ಏರಿದರೆ ಬೆಚ್ಚುವುದು ತಗ್ಗುತ್ತದೆ. ಬೇರೆ ಬೇರೆ ಸ್ವರಗಳ ಒಟ್ಟು ಸಂಖ್ಯೆ ಹತ್ತರೊಳಗಿರಲಿ. ಅದಕ್ಕಿಂತ ಹೆಚ್ಚಾದರೆ ಯಾವುದು ಏನೆಂದು ನೆನಪಿನಲ್ಲಿ ಉಳಿಯುವುದಿಲ್ಲ.

ಸ್ವರ ಸಾಲದ ಕಡೆ ಮಾತು ಬೇಕು. ಆ ಮಾತನ್ನು ಆಯುವುದು ಎಷ್ಟು ಸೂಕ್ಷ್ಮ ಎಂಬುದಕ್ಕೆ ವಿಮಾನಗಳ ಡಿಕ್ಕಿ ತಪ್ಪಿಸುವ ಟೀಕ್ಯಾಸ್ ಒಳ್ಳೆಯ ಉದಾಹರಣೆ. (1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತ ಮೇಲೆ ಭಾರತದಲ್ಲಿ ಇದು ಕಡ್ಡಾಯವಾಯಿತು.) ಹಳೆಯ ಆವೃತ್ತಿಯಲ್ಲಿ “ಅಡ್ಜಸ್ಟ್ ವರ್ಟಿಕಲ್ ಸ್ಪೀಡ್, ಅಡ್ಜಸ್ಟ್” ಎಂಬ ಆದೇಶವಿತ್ತು. ಏರುವ ಅಥವಾ ಇಳಿಯುವ ವೇಗವನ್ನು ಕಡಿಮೆ ಮಾಡು ಎಂಬುದಷ್ಟೇ ಅದರ ಅರ್ಥ. ಆದರೆ ‘ಅಡ್ಜಸ್ಟ್’ ಎಂಬ ಪದದಲ್ಲಿ ದಿಕ್ಕಿಲ್ಲ. ಕೆಲವು ಪೈಲಟ್‌ಗಳು ವೇಗ ಹೆಚ್ಚಿಸಿ, ದೂರ ಸರಿಯಬೇಕಾದ ವಿಮಾನದ ಕಡೆಗೇ ಹೋದರು. 7.1ನೇ ಆವೃತ್ತಿಯಲ್ಲಿ ಅದನ್ನು ತೆಗೆದು “ಲೆವೆಲ್ ಆಫ್, ಲೆವೆಲ್ ಆಫ್” ಎಂದು ಹಾಕಿದರು. ಏರುತ್ತಿರಲಿ ಇಳಿಯುತ್ತಿರಲಿ, ಸಮತಲಕ್ಕೆ ಬಾ ಎಂದ ಮೇಲೆ ಕೈ ತಪ್ಪು ದಿಕ್ಕಿಗೆ ಹೋಗಲು ಜಾಗವೇ ಇಲ್ಲ. ಈ ಬದಲಾವಣೆ ನನಗೆ ಬಹಳ ಮೆಚ್ಚುಗೆ. ಸಾಫ್ಟ್‌ವೇರಿನ ಲೆಕ್ಕಾಚಾರದಷ್ಟೇ ತೂಕ ಒಂದು ಪದಕ್ಕೂ ಇದೆ ಎಂದು ಒಪ್ಪಿಕೊಂಡು ಮಾಡಿದ ಕೆಲಸ ಅದು.

ಸದ್ದಿನಷ್ಟೇ ಜತನದಿಂದ ಮೌನವನ್ನೂ ವಿನ್ಯಾಸ ಮಾಡಬೇಕು. ಎ320ರಲ್ಲಿ ಟೇಕಾಫ್ ಓಟ 80 ನಾಟ್ ವೇಗ ದಾಟಿದ ಮೇಲೆ 1,500 ಅಡಿ ಏರುವವರೆಗೆ ತುರ್ತಿಲ್ಲದ ಎಚ್ಚರಿಕೆಗಳನ್ನು ವ್ಯವಸ್ಥೆಯೇ ತಡೆಹಿಡಿಯುತ್ತದೆ. ಇಳಿಯುವಾಗ 800 ಅಡಿಯಿಂದ ಕೆಳಗೂ ಹಾಗೆಯೇ. ಕಾರಣ ಸರಳ: ರನ್‌ವೇ ಮೇಲೆ ಭಾರಿ ವೇಗದಲ್ಲಿರುವಾಗ ಒಂದು ಸಣ್ಣ ಗಂಟೆಗೆ ಬೆದರಿ ಬ್ರೇಕ್ ಹಾಕುವುದು ಮೂಲ ದೋಷಕ್ಕಿಂತ ದೊಡ್ಡ ಅಪಾಯ. ಬೆಂಕಿಯಂಥ ಎಚ್ಚರಿಕೆಗಳನ್ನು ಮಾತ್ರ ತಡೆಯುವುದಿಲ್ಲ.

ಆದರೆ ಲೆಕ್ಕ ತಪ್ಪಿದ ಮೌನ ಸುಳ್ಳು ಹೇಳುತ್ತದೆ. 2009ರ ಜೂನ್ 1ರಂದು ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ 447ರಲ್ಲಿ ಸ್ಟಾಲ್ ಎಚ್ಚರಿಕೆ (ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವ ಬಲ ಕಳೆದುಕೊಳ್ಳುತ್ತಿದೆ ಎಂಬುದು) ಒಮ್ಮೆ ಸತತ 54 ಸೆಕೆಂಡ್ ಮೊಳಗಿತು. ಬಳಿಕ ಅಳೆದ ವೇಗ 60 ನಾಟ್‌ಗಿಂತ ಕೆಳಗೆ ಹೋದಾಗ, ಗಾಳಿಯ ಕೋನ ಅಳೆಯುವ ಸಂವೇದಕದ ಮಾಹಿತಿ ನಂಬಲರ್ಹವಲ್ಲ ಎಂದು ಕಂಪ್ಯೂಟರ್ ಅದನ್ನು ಬದಿಗಿಟ್ಟಿತು, ಎಚ್ಚರಿಕೆ ನಿಂತಿತು. ಪೈಲಟ್ ಮೂತಿ ತಗ್ಗಿಸಿದಾಗ, ಅಂದರೆ ಸರಿಯಾದದ್ದನ್ನು ಮಾಡಿದಾಗ, ವೇಗದ ಓದು ಮರಳಿ ಬಂದು ಎಚ್ಚರಿಕೆ ಮತ್ತೆ ಕೂಗಿತು. ಮೂತಿ ಎತ್ತಿದರೆ ಮೌನ. ಸರಿಯಾದ ಕೆಲಸಕ್ಕೆ ಗದರಿಕೆ, ತಪ್ಪಿಗೆ ನಿಶ್ಶಬ್ದ. 228 ಜನ ಸತ್ತರು. ನೆಲದ ಮೇಲೆ ಸುಳ್ಳು ಸದ್ದು ಬರಬಾರದು ಎಂಬ ಕಾರಣಕ್ಕೆ ಇಂಥ ಮಿತಿ ಇಡುವುದು ಅರ್ಥವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ, ಗಾಳಿಯಲ್ಲಿ ಒಮ್ಮೆ ಶುರುವಾದ ಸ್ಟಾಲ್ ಎಚ್ಚರಿಕೆ ‘ಮಾಹಿತಿ ಇಲ್ಲ’ ಎಂಬ ಕಾರಣಕ್ಕೆ ನಿಲ್ಲಬಾರದು. ಸ್ಟಾಲ್ ಮುಗಿದಿದೆ ಎಂದು ನಂಬಲರ್ಹ ಮಾಹಿತಿ ಹೇಳಿದಾಗ ಮಾತ್ರ ನಿಲ್ಲಬೇಕು.

ಇನ್ನೊಂದು ಬಗೆಯ ಮೌನ, ವ್ಯವಸ್ಥೆಯೇ ಸತ್ತಿರುವುದು. 2008ರ ಆಗಸ್ಟ್ 20ರಂದು ಮ್ಯಾಡ್ರಿಡ್‌ನಲ್ಲಿ ಸ್ಪ್ಯಾನೇರ್‌ನ ಎಂಡಿ-82 ಫ್ಲ್ಯಾಪ್ ಇಳಿಸದೆ ಓಡಿತು, ಟೇಕಾಫ್ ಎಚ್ಚರಿಕೆ ಕೂಗಲಿಲ್ಲ, 154 ಜನ ಸತ್ತರು. 1987ರಲ್ಲಿ ಡೆಟ್ರಾಯಿಟ್‌ನಲ್ಲೂ ಅದೇ ವಿಮಾನ ಕುಟುಂಬದಲ್ಲಿ ಹೀಗೇ ಆಗಿತ್ತು. ಕೆಟ್ಟ ಎಚ್ಚರಿಕೆ ವ್ಯವಸ್ಥೆಗೂ ಆರೋಗ್ಯವಾಗಿರುವ ವ್ಯವಸ್ಥೆಗೂ ಹೊರಗಿನಿಂದ ವ್ಯತ್ಯಾಸವೇ ಕಾಣದಿದ್ದರೆ ಅದು ವಿನ್ಯಾಸದ ಕೊರತೆ. ವಿದ್ಯುತ್ ಹೋದರೆ ಅದನ್ನು ಬೇರೊಂದು ಮೂಲದಿಂದ ಹೇಳಿಸಬೇಕು, ಪ್ರತಿ ಹಾರಾಟಕ್ಕೂ ಮುಂಚೆ ಪರೀಕ್ಷೆ ಇರಬೇಕು.

ಎಲ್ಲ ಎಚ್ಚರಿಕೆಗಳೂ ನಿಜವಾಗಿದ್ದೂ ಉಸಿರುಗಟ್ಟಿಸಬಹುದು. 2010ರ ನವೆಂಬರ್ 4ರಂದು ಕ್ವಾಂಟಾಸ್ 32ರ, ಅಂದರೆ ಒಂದು ಎ380ರ, ಎಂಜಿನ್ ಸಿಡಿದಾಗ ಮೊದಲ ಒಂದು ನಿಮಿಷದಲ್ಲಿ ಪರದೆಗೆ ಬಂದದ್ದು 43 ಸಂದೇಶಗಳು. ಕ್ರಮವಾಗಿ ಅವುಗಳ ಪಟ್ಟಿ ಮುಗಿಸಲು ಸುಮಾರು 50 ನಿಮಿಷ ಹಿಡಿಯಿತು. ಕಾಕ್‌ಪಿಟ್‌ನಲ್ಲಿ ಆ ದಿನ ಐವರು ಪೈಲಟ್‌ಗಳಿದ್ದರು; ಎಲ್ಲರೂ ಬದುಕುಳಿದರು. ಇಬ್ಬರೇ ಇರುವ ಸಾಮಾನ್ಯ ದಿನಕ್ಕೆ ಬೇಕಾದದ್ದು ಮೂಲ ದೋಷ ಮೇಲೆ, ಅದರಿಂದ ಹುಟ್ಟಿದವು ಅದರ ಕೆಳಗೆ ಮಡಚಿ ಇಟ್ಟ ಪಟ್ಟಿ. ಒಂದು ವಿದ್ಯುತ್ ಬಸ್, ಅಂದರೆ ಹಲವು ಉಪಕರಣಗಳಿಗೆ ವಿದ್ಯುತ್ ಹಂಚುವ ಮಾರ್ಗ, ಹೋದರೆ ಅದರಿಂದ ನಡೆಯುವ ಹದಿನೈದು ಉಪಕರಣಗಳೂ ಒಂದೊಂದಾಗಿ ಅಳಬೇಕಿಲ್ಲ.

ಸುಳ್ಳು ಎಚ್ಚರಿಕೆಯ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ. ನಿಜವಾದ ಅಪಾಯ ಲಕ್ಷ ಹಾರಾಟಕ್ಕೊಂದು, ಸುಳ್ಳು ಸದ್ದು ಸಾವಿರ ಹಾರಾಟಕ್ಕೊಂದು ಎಂದಿಟ್ಟುಕೊಂಡರೆ, ಪ್ರತಿ ನಿಜಕ್ಕೆ ನೂರು ಸುಳ್ಳು. ಸಾವಿರಕ್ಕೊಂದು ಎಂಬ ಅಂಕಿ ಪ್ರಯೋಗಶಾಲೆಯಲ್ಲಿ ಅತ್ಯುತ್ತಮವಾಗಿ ಕಾಣುತ್ತದೆ. ಪೈಲಟ್ ಕಲಿಯುವ ಪಾಠ ಮಾತ್ರ “ಇದು ಸುಮ್ಮನೆ ಕೂಗುತ್ತದೆ” ಎಂಬುದೇ.

ನಮ್ಮ ಮಂಗಳೂರಿನ 2010ರ ಮೇ 22ರ ದುರಂತದಲ್ಲಿ ಎಚ್ಚರಿಕೆ ವ್ಯವಸ್ಥೆ ಕೆಟ್ಟಿರಲಿಲ್ಲ. ಬಜ್ಪೆಯ ದಿನ್ನೆಯ ಮೇಲಿನ ರನ್‌ವೇಗೆ ತೀರ ಎತ್ತರದಿಂದ ಧುಮುಕುತ್ತಿದ್ದ ವಿಮಾನದಲ್ಲಿ “ಸಿಂಕ್ ರೇಟ್” (ಇಳಿಯುವ ವೇಗ ಹೆಚ್ಚಾಗಿದೆ), “ಪುಲ್ ಅಪ್” (ಮೇಲೆತ್ತು) ಎಂಬ ದನಿ ಮತ್ತೆ ಮತ್ತೆ ಕೇಳಿಸಿತು, ಸಹಪೈಲಟ್ ಇಳಿಯುವುದು ಬಿಟ್ಟು ಮೇಲೇರೋಣ ಎಂದು ಹೇಳಿದ್ದರು. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. 158 ಜನ ಹೋದರು. ಇಲ್ಲಿ ಕ್ಯಾಪ್ಟನ್‌ನ ನಿರ್ಧಾರವೇ ಮುಖ್ಯ ಕಾರಣ, ಅದನ್ನು ವಿನ್ಯಾಸದ ತಲೆಗೆ ಕಟ್ಟಲಾಗದು. ಆದರೂ ಆ ದನಿಗಳು ಹೇಳುತ್ತಿದ್ದದ್ದು ಇಳಿಯುವ ವೇಗವನ್ನು. ರನ್‌ವೇ ಮುಗಿಯುತ್ತಿದೆ ಎಂಬುದನ್ನಲ್ಲ. ಏರ್‌ಬಸ್‌ನ ರಾಪ್ಸ್ ವ್ಯವಸ್ಥೆ ಈ ಎರಡನೆಯದನ್ನೇ ಹೇಳುತ್ತದೆ: ವಿಮಾನದ ವೇಗ, ಎತ್ತರ, ಉಳಿದ ರನ್‌ವೇ ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ, ಗಾಳಿಯಲ್ಲಿರುವಾಗಲೇ “ರನ್‌ವೇ ಟೂ ಶಾರ್ಟ್”, ನೆಲ ಮುಟ್ಟಿದ ಮೇಲೆ “ಮ್ಯಾಕ್ಸ್ ಬ್ರೇಕಿಂಗ್”. ಮೊದಲನೆಯದಕ್ಕೆ, ಮತ್ತೆ ಮೇಲೇರಲು, ಕೈ ಎಂಜಿನ್ ಬಲ ಹೆಚ್ಚಿಸುವ ಥ್ರಸ್ಟ್ ಲಿವರ್ ಮುಂದಕ್ಕೆ ತಳ್ಳಬೇಕು, ಎರಡನೆಯದಕ್ಕೆ ಕಾಲು ಬ್ರೇಕ್ ಒತ್ತಬೇಕು.