ಕಂಕನಾಡಿಯ ಆಲದ ಮರ

ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಮಂಗಳೂರಿನ ಕಂಕನಾಡಿಗೆ ಹೋಗಿದ್ದೆ. ಚಿಕ್ಕಮ್ಮ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿದ್ದಾರೆ. ಅವರಿಗೆ ಗಂಜಿ ಕೊಟ್ಟು, ಹೊರಗೆ ಚಹಾ ಕುಡಿಯುತ್ತಾ ನಿಂತೆ.

ಇಷ್ಟು ದೊಡ್ಡ ಆಸ್ಪತ್ರೆ ಶುರುವಾಗಿದ್ದು ಒಂದು ಆಲದ ಮರದ ಕೆಳಗಂತೆ. ಜರ್ಮನಿಯಿಂದ ಬಂದ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಇಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೊಂದು ಆಸರೆ ಕಟ್ಟಿದರು. ಮನೆಯವರೇ ಹತ್ತಿರ ಸೇರಿಸದ ಕಾಲ ಅದು. 1910ರಲ್ಲಿ ತೀರಿಕೊಳ್ಳುವವರೆಗೂ ಇದೇ ಕೆಲಸ. ಇವತ್ತು ಅಲ್ಲಿ ಕ್ಯೂನಲ್ಲಿ ಬುರ್ಖಾ ಹಾಕಿದವರು, ಕುಂಕುಮ ಇಟ್ಟವರು, ಕೊರಳಲ್ಲಿ ಜಪಮಾಲೆ ಇದ್ದವರು, ಎಲ್ಲರೂ ಚೀಟಿ ಹಿಡಿದು ನಿಂತಿದ್ದರು. ಯಾರ ಚೀಟಿಯಲ್ಲೂ ದೇವರ ಹೆಸರಿಲ್ಲ, ನಂಬರ್ ಮಾತ್ರ.

ಬೈಬಲಿನ ಯಾಕೋಬನ ಪತ್ರದಲ್ಲಿ ಒಂದು ಮಾತಿದೆ. ಬಟ್ಟೆಯಿಲ್ಲದೆ, ಊಟವಿಲ್ಲದೆ ಬಂದವನಿಗೆ ‘ಹೋಗು, ಬೆಚ್ಚಗಿರು, ಹೊಟ್ಟೆ ತುಂಬಾ ತಿನ್ನು’ ಎಂದು ಬರೀ ಬಾಯಲ್ಲಿ ಹೇಳಿ ಕಳಿಸಿದರೆ ಏನು ಪ್ರಯೋಜನ ಅಂತ. ಚಿಕ್ಕಂದಿನಿಂದ ಕೇಳಿದ್ದೇನೆ. ಕೇಳಿ ಕೇಳಿ ಕಿವಿಗೆ ಅಭ್ಯಾಸವಾಗಿಬಿಟ್ಟಿದೆ, ಅಲ್ವಾ? ವಾಟ್ಸಾಪ್‌ನಲ್ಲಿ ‘ಪ್ರಾರ್ಥಿಸುತ್ತೇನೆ’ ಎಂದು ಕೈಮುಗಿದ ಎಮೋಜಿ ಹಾಕುವುದರಲ್ಲಿ ನಾನು ಜಾಸ್ತಿ ಹುಷಾರು. ಆಮೇಲೆ ಪ್ರಾರ್ಥಿಸುವುದೂ ಮರೆತುಹೋಗುತ್ತದೆ, ನಿಜ ಹೇಳಬೇಕೆಂದರೆ.

ಪಕ್ಕದ ಹಾಸಿಗೆಯ ಅಜ್ಜಿಯನ್ನು ನೋಡಲು ಮೂರು ದಿನದಿಂದ ಯಾರೂ ಬಂದಿಲ್ಲ ಎಂದು ಚಿಕ್ಕಮ್ಮ ಹೇಳಿದರು. ನಾಳೆ ಗಂಜಿಗೆ ಎರಡು ಡಬ್ಬಿ ಒಯ್ಯಬೇಕು. ಅಜ್ಜಿಗೆ ಉಪ್ಪಿನಕಾಯಿ ಕೊಡಬಹುದೋ ಇಲ್ಲವೋ, ನರ್ಸ್ ಹತ್ತಿರ ಕೇಳಬೇಕು.