ಪಬ್ಲಿಕ್ ಐಪಿ ತೆಗೆಯುವ ಮುನ್ನ ಬ್ಯಾಂಕಿಗೊಂದು ಮೇಲ್

ಬೆಂಗಳೂರಿನ ಸಣ್ಣ ತಂಡಗಳ ಕ್ಲೌಡ್ ಖಾತೆಗಳಲ್ಲಿ ದೂರದಿಂದ ಲಾಗಿನ್ ಆಗುವ (ಎಸ್‌ಎಸ್‌ಎಚ್) 22ನೇ ಪೋರ್ಟ್ 0.0.0.0/0ಗೆ, ಅಂದರೆ ಇಡೀ ಜಗತ್ತಿಗೆ, ತೆರೆದಿರುವುದು ಅಜ್ಞಾನದಿಂದಲ್ಲ. ಮೊದಲ ದಿನ ಎಲ್ಲರೂ ತಮ್ಮ ತಮ್ಮ ಮನೆಯ ಐಪಿಯನ್ನಷ್ಟೇ ಸೆಕ್ಯುರಿಟಿ ಗ್ರೂಪಿಗೆ, ಅಂದರೆ ಯಾರನ್ನು ಬಿಡಬೇಕೆಂಬ ನಿಯಮಗಳ ಪಟ್ಟಿಗೆ, ಸೇರಿಸಿರುತ್ತಾರೆ. ಒಬ್ಬರು ವೈಟ್‌ಫೀಲ್ಡಿನ ಪಿಜಿಯಲ್ಲಿ, ಇನ್ನೊಬ್ಬರು ಬಸವನಗುಡಿಯ ಮನೆಯಲ್ಲಿ. ಕರೆಂಟ್ ಹೋಗಿ ಬಂದು ರೂಟರ್ ಮತ್ತೆ ಶುರುವಾದರೆ ಐಪಿ ಬದಲು. ನಾಲ್ಕು ಸಲ ತಿದ್ದಿ ಬೇಸತ್ತ ಮೇಲೆ ಯಾರೋ ಒಬ್ಬರು ‘ಈಗ ತೆರೆದಿಡೋಣ, ಬೆಳಿಗ್ಗೆ ಮುಚ್ಚೋಣ’ ಅನ್ನುತ್ತಾರೆ. ಆ ಬೆಳಿಗ್ಗೆ ಬರುವುದೇ ಇಲ್ಲ.

ಐಪಿ ನೋಡಿ ಒಳಗೆ ಬಿಡುವ ಪದ್ಧತಿಯೇ ಇಲ್ಲಿ ಸೋಲುತ್ತದೆ. ನಿಮ್ಮ ರೂಟರ್‌ನ ವ್ಯಾನ್ (ಹೊರಗಿನ ಕಡೆಯ) ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ ಎಂದರ್ಥ: ಒಂದೇ ಪಬ್ಲಿಕ್ ಐಪಿಯನ್ನು ಹಲವಾರು ಮನೆಗಳು ಹಂಚಿಕೊಂಡಿರುತ್ತವೆ. ಆ ಐಪಿಗೆ ಅನುಮತಿ ಕೊಟ್ಟರೆ ಅಷ್ಟೂ ಮನೆಗಳಿಗೆ ಕೊಟ್ಟ ಹಾಗೆ. ಆದ್ದರಿಂದ ವಿಎಂಗೆ (ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ವರ್ಚುವಲ್ ಯಂತ್ರಕ್ಕೆ) ಪಬ್ಲಿಕ್ ಐಪಿಯನ್ನೇ ಕೊಡದಿರುವುದು ಸರಿಯಾದ ದಾರಿ. ಖರ್ಚೂ ಉಳಿಯುತ್ತದೆ: 2024ರ ಫೆಬ್ರವರಿ 1ರಿಂದ ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೆ ಗಂಟೆಗೆ 0.005 ಡಾಲರ್ ಹಾಕುತ್ತಿದೆ. ತಿಂಗಳಿಗೆ ಒಂದಕ್ಕೆ ಸುಮಾರು 3.65 ಡಾಲರ್.

ಐಪಿ ತೆಗೆಯುವುದು ಐದು ನಿಮಿಷದ ಕೆಲಸ, ಅದಕ್ಕೇ ಅದನ್ನು ಎಲ್ಲಕ್ಕಿಂತ ಕೊನೆಗೆ ಮಾಡಬೇಕು. ಅದಕ್ಕೂ ಮೊದಲು ನೀವು ಒಳಗೆ ಹೋಗುವ ದಾರಿ, ಬಳಕೆದಾರರು ಬರುವ ದಾರಿ, ವಿಎಂ ಹೊರಗೆ ಹೋಗುವ ದಾರಿ ಈ ಮೂರೂ ಸಿದ್ಧವಿರಬೇಕು.

ನೀವು ಒಳಗೆ ಹೋಗುವುದು

ಎಡಬ್ಲ್ಯುಎಸ್‌ನಲ್ಲಿ ಸೆಷನ್ ಮ್ಯಾನೇಜರ್ ಸಾಕು. ವಿಎಂ ಒಳಗಿನ ಎಸ್‌ಎಸ್‌ಎಂ (ಸಿಸ್ಟಮ್ಸ್ ಮ್ಯಾನೇಜರ್) ಏಜೆಂಟ್ ಎಂಬ ಸಣ್ಣ ಪ್ರೋಗ್ರಾಂ ತಾನೇ 443ರ ಮೂಲಕ ಹೊರಗೆ ಸಂಪರ್ಕ ಮಾಡುತ್ತದೆ, ಹಾಗಾಗಿ ಒಳಬರುವ ಪೋರ್ಟ್ ಒಂದೂ ಬೇಡ. ವಿಎಂಗೆ ಎಸ್‌ಎಸ್‌ಎಂ ಅನುಮತಿಯಿರುವ ಐಎಎಂ ರೋಲ್ (ಯಂತ್ರಕ್ಕೆ ಕೊಡುವ ಅನುಮತಿಗಳ ಕಟ್ಟು) ಅಂಟಿಸಿ. ಸಬ್‌ನೆಟ್‌ನಿಂದ (ನೆಟ್‌ವರ್ಕ್‌ನಲ್ಲಿ ವಿಎಂ ಇರುವ ಭಾಗದಿಂದ) ಇಂಟರ್ನೆಟ್ಟಿಗೆ ದಾರಿಯೇ ಇಲ್ಲದಿದ್ದರೆ ಎಸ್‌ಎಸ್‌ಎಂ ಮತ್ತು ಎಸ್‌ಎಸ್‌ಎಂ-ಮೆಸೇಜಸ್ ಸೇವೆಗಳ ಇಂಟರ್‌ಫೇಸ್ ಎಂಡ್‌ಪಾಯಿಂಟ್, ಅಂದರೆ ಇಂಟರ್ನೆಟ್ ಮುಟ್ಟದೆ ಆ ಸೇವೆಗೆ ಹೋಗುವ ಒಳದಾರಿ, ಬೇಕು. ಏಜೆಂಟ್ ಹಳೆಯದಾದರೆ ಇಸಿ2-ಮೆಸೇಜಸ್ ಕೂಡ. ‘ವಿಎಂ ಪಟ್ಟಿಯಲ್ಲೇ ಕಾಣುತ್ತಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಎರಡು ತಪ್ಪು: ಎಂಡ್‌ಪಾಯಿಂಟ್‌ನ ಸೆಕ್ಯುರಿಟಿ ಗ್ರೂಪಿನಲ್ಲಿ ವಿಎಂ ಕಡೆಯಿಂದ 443 ತೆರೆಯದಿರುವುದು, ಇಲ್ಲವೇ ವಿಪಿಸಿಯಲ್ಲಿ (ಕ್ಲೌಡ್‌ನೊಳಗಿನ ನಿಮ್ಮ ಖಾಸಗಿ ನೆಟ್‌ವರ್ಕ್‌ನಲ್ಲಿ) ಡಿಎನ್‌ಎಸ್ ಹೋಸ್ಟ್‌ನೇಮ್ ಸೆಟ್ಟಿಂಗ್ ಆಫ್ ಆಗಿರುವುದು.

ಗೂಗಲ್ ಕ್ಲೌಡ್‌ನಲ್ಲಿ ಇದೇ ಕೆಲಸಕ್ಕೆ ಬಂದವರ ಗುರುತು ನೋಡಿ ಒಳಗೆ ಬಿಡುವ ಐಎಪಿ ಟನಲ್ ಇದೆ. 35.235.240.0/20 ವ್ಯಾಪ್ತಿಯಿಂದ 22ಕ್ಕೆ, ವಿಂಡೋಸ್ ಆದರೆ 3389ಕ್ಕೆ ಫೈರ್‌ವಾಲ್ ನಿಯಮ ಬರೆದು, ಬೇಕಾದವರಿಗೆ ಮಾತ್ರ ಐಎಪಿ ಟನಲ್ ಬಳಕೆದಾರರ ರೋಲ್ ಕೊಡಿ. ಡಿಫಾಲ್ಟ್ ನೆಟ್‌ವರ್ಕ್ ಜೊತೆಗೆ ತಾನಾಗಿ ಬರುವ, ಎಲ್ಲರಿಗೂ 22 ಮತ್ತು 3389 ತೆರೆಯುವ ನಿಯಮಗಳನ್ನು ಅಳಿಸಲು ಮರೆಯಬೇಡಿ.

ಉಳಿದ ವಿಎಂಗಳಿಗೆ ಹೋಗುವ ಮೆಟ್ಟಿಲಾಗಿ ಪಬ್ಲಿಕ್ ಐಪಿಯಿರುವ ಬ್ಯಾಸ್ಟಿಯನ್ ಯಂತ್ರ ಇಟ್ಟುಕೊಳ್ಳುವವರು ಇನ್ನೂ ಇದ್ದಾರೆ. ನನ್ನ ಮಟ್ಟಿಗೆ ಅದರ ಕಾಲ ಮುಗಿದಿದೆ. ಪ್ಯಾಚ್ ಮಾಡಬೇಕಾದ, ಕೀ ಕಾಯಬೇಕಾದ ಇನ್ನೊಂದು ಯಂತ್ರ ಅದು, ಅಷ್ಟೇ.

ಬಳಕೆದಾರರು ಬರುವುದು

ಇಲ್ಲಿ ಹೇಳಲು ಹೆಚ್ಚಿಲ್ಲ. ಬಂದ ಕೋರಿಕೆಗಳನ್ನು ವಿಎಂಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಇಂಟರ್ನೆಟ್ಟಿಗೆ ನೇರ ದಾರಿಯಿರುವ ಪಬ್ಲಿಕ್ ಸಬ್‌ನೆಟ್‌ನಲ್ಲಿರಲಿ, ವಿಎಂ ಪ್ರೈವೇಟ್ ಸಬ್‌ನೆಟ್‌ನಲ್ಲಿರಲಿ. ವಿಎಂನ ಸೆಕ್ಯುರಿಟಿ ಗ್ರೂಪಿನಲ್ಲಿ ಮೂಲವಾಗಿ ಐಪಿ ವ್ಯಾಪ್ತಿಯ ಬದಲು ಲೋಡ್ ಬ್ಯಾಲೆನ್ಸರ್‌ನ ಸೆಕ್ಯುರಿಟಿ ಗ್ರೂಪನ್ನೇ ಕೊಡಿ. ಗೂಗಲ್‌ನಲ್ಲಿ ಹೆಲ್ತ್ ಚೆಕ್ 130.211.0.0/22 ಮತ್ತು 35.191.0.0/16ರಿಂದ ಬರುತ್ತದೆ, ಇವನ್ನು ಬಿಡದಿದ್ದರೆ ಆರೋಗ್ಯವಾಗಿರುವ ವಿಎಂ ಕೂಡ ಕೆಟ್ಟಿದೆ ಎಂದೇ ಕಾಣುತ್ತದೆ.

ವಿಎಂ ಹೊರಗೆ ಹೋಗುವುದು

ಕಷ್ಟವೆಲ್ಲ ಇಲ್ಲಿದೆ. ಪಬ್ಲಿಕ್ ಐಪಿ ಹೋದೊಡನೆ ಪ್ಯಾಕೇಜ್ ಅಪ್‌ಡೇಟ್, ಕಂಟೇನರ್ ಇಮೇಜ್, ಎಸ್‌ಎಂಎಸ್ ಎಪಿಐ, ಪೇಮೆಂಟ್ ಗೇಟ್‌ವೇ ಎಲ್ಲವೂ ನಿಲ್ಲುತ್ತವೆ. ನ್ಯಾಟ್ ಗೇಟ್‌ವೇ (ವಿಎಂಗಳ ಪರವಾಗಿ ತನ್ನ ಪಬ್ಲಿಕ್ ಐಪಿಯಿಂದ ಹೊರಗೆ ಸಂಪರ್ಕ ಮಾಡುವ ಸೇವೆ) ಬೇಕು, ಮತ್ತು ಎಡಬ್ಲ್ಯುಎಸ್‌ನಲ್ಲಿ ಝೋನ್‌ಗೊಂದರಂತೆ ಹಾಕುವ ನ್ಯಾಟ್ ಆದರೆ ಅದು ಪಬ್ಲಿಕ್ ಸಬ್‌ನೆಟ್‌ನಲ್ಲೇ ಕೂರಬೇಕು. ಅದನ್ನೂ ಪ್ರೈವೇಟ್ ಸಬ್‌ನೆಟ್‌ನಲ್ಲಿಟ್ಟು ಯಾಕೆ ನಡೆಯುತ್ತಿಲ್ಲ ಎಂದು ಗಂಟೆಗಟ್ಟಲೆ ಹುಡುಕುವುದು ತೀರಾ ಸಾಮಾನ್ಯ. ಪ್ರೈವೇಟ್ ಸಬ್‌ನೆಟ್‌ನ ರೂಟ್ ಟೇಬಲ್ಲಿನಲ್ಲಿ 0.0.0.0/0 ನ್ಯಾಟ್ ಕಡೆಗೆ, ಪಬ್ಲಿಕ್ ಸಬ್‌ನೆಟ್‌ನದರಲ್ಲಿ ಇಂಟರ್ನೆಟ್ ಗೇಟ್‌ವೇ ಕಡೆಗೆ.

ಈಗ ಶೀರ್ಷಿಕೆಯ ಮಾತು. ಇದುವರೆಗೆ ಹೊರಗಿನವರಿಗೆ ಕಾಣುತ್ತಿದ್ದದ್ದು ವಿಎಂನ ಐಪಿ. ಇನ್ನು ಮುಂದೆ ಕಾಣುವುದು ನ್ಯಾಟ್‌ನ ಐಪಿ. ಬ್ಯಾಂಕುಗಳು ಮತ್ತು ಪೇಮೆಂಟ್ ಪಾಲುದಾರರು ನಿಮ್ಮ ಹಳೆಯ ಐಪಿಯನ್ನು ತಮ್ಮ ಅನುಮತಿ ಪಟ್ಟಿಯಲ್ಲಿ ಹಾಕಿಕೊಂಡಿದ್ದರೆ ನೀವು ಬದಲಾಯಿಸಿದ ಕ್ಷಣದಿಂದ ವಹಿವಾಟು ನಿಲ್ಲುತ್ತದೆ. ಅವರ ಕಡೆ ಹೊಸ ಐಪಿ ಸೇರಲು ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಆದ್ದರಿಂದ ಮೊದಲು ನ್ಯಾಟ್‌ಗೆ ಸ್ಥಿರ ಐಪಿ ಪಡೆಯಿರಿ, ಒಂದಕ್ಕಿಂತ ಹೆಚ್ಚು ಝೋನ್ ಇದ್ದರೆ ಪ್ರತಿಯೊಂದರ ನ್ಯಾಟ್ ಐಪಿಯನ್ನೂ ಪಟ್ಟಿ ಮಾಡಿ, ಎಲ್ಲರಿಗೂ ಮೇಲ್ ಕಳಿಸಿ. ಹಳೆಯದನ್ನು ತೆಗೆಯದೆ ಹೊಸದನ್ನು ಸೇರಿಸಿ ಎಂದು ಸ್ಪಷ್ಟವಾಗಿ ಬರೆಯಿರಿ. ಉತ್ತರ ಬಂದ ಮೇಲೆ ನ್ಯಾಟ್ ಹಿಂದಿರುವ ಒಂದು ಪರೀಕ್ಷಾ ವಿಎಂನಿಂದ ಅವರ ಎಪಿಐ ಕರೆದು ನೋಡಿ. ಆಮೇಲಷ್ಟೇ ಮುಂದಿನ ಹೆಜ್ಜೆ.

ನ್ಯಾಟ್‌ಗೆ ಗಂಟೆಯ ಬಾಡಿಗೆಯ ಜೊತೆ ಪ್ರತಿ ಜಿಬಿಗೂ ದರ ಇದೆ. ಎಡಬ್ಲ್ಯುಎಸ್‌ನ ಫೈಲ್ ಸಂಗ್ರಹವಾದ ಎಸ್3ಗೆ ಹೋಗುವ ಬ್ಯಾಕಪ್‌ಗಳೆಲ್ಲ ಅದರ ಮೂಲಕವೇ ಹರಿದರೆ ಬಿಲ್ ಏರುತ್ತದೆ. ಎಸ್3 ಗೇಟ್‌ವೇ ಎಂಡ್‌ಪಾಯಿಂಟ್ ಉಚಿತ, ಮೊದಲ ದಿನವೇ ಹಾಕಿ. ಅಮೆಜಾನ್ ಲಿನಕ್ಸ್‌ನ ಪ್ಯಾಕೇಜ್‌ಗಳು ಎಸ್3ಯಲ್ಲೇ ಇರುವುದರಿಂದ ಅಪ್‌ಡೇಟ್ ಕೂಡ ಈ ದಾರಿಯಲ್ಲೇ ಬರುತ್ತದೆ. ನ್ಯಾಟ್ ಇಲ್ಲದೆ ಇಸಿಆರ್‌ನಿಂದ (ಎಡಬ್ಲ್ಯುಎಸ್‌ನ ಕಂಟೇನರ್ ಇಮೇಜ್ ಭಂಡಾರದಿಂದ) ಇಮೇಜ್ ತರುವವರು ಗಮನಿಸಿ: ಇಸಿಆರ್‌ನ ಎರಡು ಎಂಡ್‌ಪಾಯಿಂಟ್ ಹಾಕಿದರೂ ಇಮೇಜ್ ಲೇಯರ್‌ಗಳು ಬರುವುದು ಎಸ್3ಯಿಂದ. ಅದರ ದಾರಿ ಇಲ್ಲದಿದ್ದರೆ ಲಾಗಿನ್ ಸರಿಯಾಗಿ ಆಗುತ್ತದೆ, ಡೌನ್‌ಲೋಡ್ ಮಾತ್ರ ನಿಂತಲ್ಲೇ ನಿಲ್ಲುತ್ತದೆ.

ನ್ಯಾಟ್ ಒಳಬರುವುದನ್ನು ತಡೆಯುತ್ತದೆ, ಹೊರಹೋಗುವುದನ್ನಲ್ಲ. ವಿಎಂ ಒಳಗೆ ಕೆಟ್ಟ ಕೋಡ್ ಸೇರಿದರೆ ಅದು ಡೇಟಾವನ್ನು ಎಲ್ಲಿಗೆ ಬೇಕಾದರೂ ಸಾಗಿಸಬಹುದು. ಐಪಿ ಪಟ್ಟಿ ಇಲ್ಲಿ ಉಪಯೋಗಕ್ಕೆ ಬರದು, ಸಿಡಿಎನ್ ಹಿಂದಿನ ಸೇವೆಗಳ ಐಪಿ ಬದಲಾಗುತ್ತಲೇ ಇರುತ್ತವೆ. ಡೊಮೇನ್ ಹೆಸರಿನ ಮೇಲೆ ತಡೆಯಬೇಕು: ಸಣ್ಣ ತಂಡಕ್ಕೆ ಒಂದು ಸ್ಕ್ವಿಡ್ ಪ್ರಾಕ್ಸಿ ಸಾಕು, ದೊಡ್ಡವರಿಗೆ ಎಡಬ್ಲ್ಯುಎಸ್ ನೆಟ್‌ವರ್ಕ್ ಫೈರ್‌ವಾಲ್. ಪಟ್ಟಿ ಮಾಡುವಾಗ ಒಂದು ವಾರದ ಲಾಗ್ ನೋಡಿ ಮುಗಿಸಬೇಡಿ. ತಿಂಗಳ 11 ಮತ್ತು 20ರ ಜಿಎಸ್‌ಟಿ ರಿಟರ್ನ್, ತಿಂಗಳ ಕೊನೆಯ ಸಂಬಳದ ಕೆಲಸ, ಇವು ಆಗಷ್ಟೇ ಹೊರಗೆ ಹೋಗುತ್ತವೆ. ಒಂದು ಪೂರ್ತಿ ತಿಂಗಳು ಬರೀ ಲಾಗ್ ಮಾಡಿ, ನಂತರ ತಡೆಯಿರಿ.

ಡೊಮೇನ್ ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್ ಪ್ರತ್ಯೇಕ ವಿಷಯ. ವಿಪಿಸಿಯ ಒಳಗಿನ ಅಮೆಜಾನ್ ರಿಸಾಲ್ವರ್‌ಗೆ ಹೋಗುವ ಪ್ರಶ್ನೆಗಳನ್ನು ಸೆಕ್ಯುರಿಟಿ ಗ್ರೂಪ್ ತಡೆಯುವುದೇ ಇಲ್ಲ. ಎಲ್ಲ ಪೋರ್ಟ್ ಮುಚ್ಚಿದ ವಿಎಂನಿಂದಲೂ ಡಿಎನ್‌ಎಸ್ ಹೆಸರಿನೊಳಗೆ ಡೇಟಾ ತುಂಬಿ ಹೊರಗೆ ಕಳಿಸಬಹುದು. ಅದಕ್ಕೆ ರೂಟ್ 53 ಡಿಎನ್‌ಎಸ್ ಫೈರ್‌ವಾಲ್ ಬೇಕು.

ಮತ್ತೆ ಬಾರದ ಹಾಗೆ

ಮೂರೂ ದಾರಿ ನಡೆಯುತ್ತಿವೆ ಎಂದಾದ ಮೇಲೆ ಐಪಿ ತೆಗೆಯಿರಿ, ಒಂದೊಂದೇ ವಿಎಂ. ನೆನಪಿಡಿ: ಸೆಕ್ಯುರಿಟಿ ಗ್ರೂಪಿನ ನಿಯಮ ಅಳಿಸಿದರೂ ಆಗಲೇ ತೆರೆದಿರುವ ಸಂಪರ್ಕ ಮುಂದುವರಿಯಬಹುದು. ಹೊಸ ಸೆಷನ್‌ನಿಂದಲೇ ಪರೀಕ್ಷಿಸಿ. ಟೈಮ್‌ಔಟ್ ಬಂದರೆ ಹೆಚ್ಚಾಗಿ ರೂಟ್ ಅಥವಾ ಫೈರ್‌ವಾಲ್ ತಡೆದಿದೆ. ‘ರೆಫ್ಯೂಸ್ಡ್’ ಬಂದರೆ ಹೆಚ್ಚಾಗಿ ಪ್ಯಾಕೆಟ್ ತಲುಪಿದೆ, ಅಲ್ಲಿ ಯಾರೂ ಕೇಳುತ್ತಿಲ್ಲ.

ಐಪಿವಿ6 ಎಲ್ಲರೂ ಮರೆಯುವ ಹಿತ್ತಿಲ ಬಾಗಿಲು. ಐಪಿವಿ4, ಐಪಿವಿ6 ಎರಡೂ ಇರುವ ಡ್ಯುಯಲ್-ಸ್ಟ್ಯಾಕ್ ಸಬ್‌ನೆಟ್ ಆಗಿದ್ದರೆ ಐಪಿವಿ4 ತೆಗೆದರೂ ವಿಎಂ ಐಪಿವಿ6ನಲ್ಲಿ ಹೊರಗೆ ಕಾಣಬಹುದು. ::/0ಗೆ (ಐಪಿವಿ6ನಲ್ಲಿ ಇಡೀ ಜಗತ್ತಿಗೆ) ಬರೆದ ನಿಯಮಗಳನ್ನು ಬೇರೆಯಾಗಿಯೇ ಹುಡುಕಿ, ಹೊರಹೋಗಲು ಮಾತ್ರ ಬಿಡುವ ಎಗ್ರೆಸ್-ಓನ್ಲಿ ಗೇಟ್‌ವೇ ಬಳಸಿ.

ಇಷ್ಟಾದರೂ ಮುಂದಿನ ವಾರ ಬೇರೊಬ್ಬರು ಹೊಸ ವಿಎಂ ಎಬ್ಬಿಸಿದರೆ ಐಪಿ ಮತ್ತೆ ಬರುತ್ತದೆ, ಏಕೆಂದರೆ ಡಿಫಾಲ್ಟ್ ವಿಪಿಸಿಯ ಸಬ್‌ನೆಟ್‌ಗಳು ತಾವಾಗಿಯೇ ಪಬ್ಲಿಕ್ ಐಪಿ ಕೊಡುತ್ತವೆ. ಎಡಬ್ಲ್ಯುಎಸ್‌ನ ‘ವಿಪಿಸಿ ಬ್ಲಾಕ್ ಪಬ್ಲಿಕ್ ಆಕ್ಸೆಸ್’ ಅನ್ನು ಒಳಬರುವುದನ್ನು ಮಾತ್ರ ತಡೆಯುವ ಬಗೆಯಲ್ಲಿ ಹಾಕಿದರೆ ಐಪಿ ಬಂದರೂ ಹೊರಗಿನಿಂದ ಅದನ್ನು ತಲುಪಲಾಗದು, ನ್ಯಾಟ್ ನಡೆಯುತ್ತದೆ. ಲೋಡ್ ಬ್ಯಾಲೆನ್ಸರ್ ಇರುವ ಸಬ್‌ನೆಟ್‌ಗೆ ಮಾತ್ರ ವಿನಾಯಿತಿ ಕೊಡಿ. ಅದು ರೀಜನ್‌ವಾರು ಕೆಲಸ ಮಾಡುತ್ತದೆ, ಮುಂಬೈಗೆ ಹಾಕಿ ಹೈದರಾಬಾದ್ ಬಿಟ್ಟರೆ ಅರ್ಧ ಕೆಲಸ. ಗೂಗಲ್‌ನ ಎಕ್ಸ್‌ಟರ್ನಲ್ ಐಪಿ ನಿಷೇಧಿಸುವ ಆರ್ಗನೈಸೇಶನ್ ಪಾಲಿಸಿ ಹಿಂದಿನವಕ್ಕೆ ಅನ್ವಯಿಸುವುದಿಲ್ಲ. ಈಗಾಗಲೇ ಐಪಿ ಪಡೆದ ವಿಎಂಗಳನ್ನು ನೀವೇ ಹುಡುಕಿ ತೆಗೆಯಬೇಕು.

ಫ್ಲೋ ಲಾಗ್ (ಯಾವ ಐಪಿಯಿಂದ ಯಾವ ಐಪಿಗೆ ಸಂಪರ್ಕವಾಯಿತು ಎಂಬ ದಾಖಲೆ) ಆನ್ ಮಾಡುವಾಗ ಇಟ್ಟುಕೊಳ್ಳುವ ಅವಧಿಯನ್ನು 180 ದಿನಕ್ಕಿಂತ ಕಡಿಮೆ ಮಾಡಬೇಡಿ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನ ಕೇಳುವುದು ಅಷ್ಟನ್ನು.

ಕೊನೆಗೆ, ತುರ್ತಿಗೊಂದು ದಾರಿ. ಏಜೆಂಟ್ ಸತ್ತು, ರೂಟ್ ಟೇಬಲ್ ಕೆಟ್ಟಾಗ ಉಳಿಯುವುದು ವಿಎಂನ ನೆಟ್‌ವರ್ಕ್ ಇಲ್ಲದೆಯೂ ಒಳಗೆ ಬಿಡುವ ಸೀರಿಯಲ್ ಕನ್ಸೋಲ್. ಎಡಬ್ಲ್ಯುಎಸ್‌ನಲ್ಲಿ ಖಾತೆಯ ಮಟ್ಟದಲ್ಲಿ ಅದಕ್ಕೆ ಅನುಮತಿ ಕೊಟ್ಟಿರಬೇಕು, ಲಿನಕ್ಸ್ ಬಳಕೆದಾರರೊಬ್ಬರಿಗೆ ಪಾಸ್‌ವರ್ಡ್ ಇಟ್ಟಿರಬೇಕು. ಎರಡನ್ನೂ ಐಪಿ ಇನ್ನೂ ಇರುವಾಗಲೇ ಮಾಡಿ, ಒಮ್ಮೆ ಒಳಗೆ ಹೋಗಿ ನೋಡಿ.