ಭಾವನ ಹಳೇ ಬೈಕ್ ಲೋನೂ, ಸಿಬಿಲ್ ಉಪದ್ರವೂ

ನಮ್ಮ ಕಾಸರಗೋಡಿನ ಕಡೆ ಈಗ ಮನೆ ಕಟ್ಟುವವನಿಗೆ ಪಂಚಾಯತ್ ಪರ್ಮಿಟ್ಟಿಗಿಂತ ಮೊದಲು ಸಿಬಿಲ್ ಬೇಕು ಮಾರಾಯ್ರೆ, ಅಂದ್ರೆ ಹಳೇ ಸಾಲ ಹೇಗೆ ಕಟ್ಟಿದ್ದೀರಿ ಅಂತ ಬ್ಯಾಂಕಿನವರು ನೋಡುವ ಸ್ಕೋರು. ಭಾವ ಬದಿಯಡ್ಕದಲ್ಲಿ ಹೌಸಿಂಗ್ ಲೋನ್ ಕೇಳ್ಲಿಕ್ಕೆ ಹೋದ್ದು, ಮ್ಯಾನೇಜರ್ ಕಣ್ಣೂರಿನವರು, ಒಳ್ಳೆ ಜನವೇ, ಕಂಪ್ಯೂಟರ್ ನೋಡಿ "ಸಿಬಿಲ್ ಕುರವಾಣಲ್ಲೋ" ಅಂದ್ರಂತೆ. ಸೊಸೈಟಿ ಸಾಲವನ್ನೇ ವಾಯಿದೆಗೆ ಮೊದಲು ಕಟ್ಟಿ ಬರುವ ಜನ ಭಾವ, ಅವರಿಗೆ ಸಿಬಿಲ್ ಕಡಿಮೆ ಅಂದ್ರೆ ಎಂತ ಕಥೆ ಅಂತ ಅಕ್ಕ ನನಗೆ ಫೋನ್ ಮಾಡಿದ್ಲು.

ರಿಪೋರ್ಟ್ ತೆಗೀಲಿಕ್ಕೆ ದುಡ್ಡು ಬೇಡ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಅಂತ ಜನರ ಸಾಲದ ದಾಖಲೆ ಇಡುವ ನಾಲ್ಕು ಕಂಪೆನಿ ಉಂಟು, ನಾಲ್ಕು ಕಂಪೆನಿಯವರೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಫ್ರೀಯಾಗಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ. ತೆಗೆದು ನೋಡಿದ್ರೆ 2014ರಲ್ಲಿ ಭಾವ ಮಂಗಳೂರಿನಲ್ಲಿ ಕೆಲಸ ಮಾಡ್ತಿದ್ದಾಗ ಫೈನಾನ್ಸಿನಲ್ಲಿ ತೆಗೆದ ಬೈಕಿನ ಲೋನು, ಸ್ಟೇಟಸ್ಸಿನಲ್ಲಿ "ರಿಟನ್ ಆಫ್", ಅಂದ್ರೆ ವಸೂಲಾಗದ ಸಾಲ ಅಂತ, ಬಾಕಿ ಮೂವತ್ತೊಂದು ಸಾವಿರ ಚಿಲ್ಲರೆ! ಅದನ್ನು 2016ರಲ್ಲೇ ಚುಕ್ತಾ ಮಾಡಿದ್ದು, ಬೈಕನ್ನೂ ಮಾರಿ ಆಗಿದೆ. ಆಗಿನ ಎರಡು ಚೆಕ್ ಬೌನ್ಸಿನ ಚಾರ್ಜು ಬಾಕಿ ಅಂತೆ, ಅದರ ಮೇಲೆ ಬಡ್ಡಿ, ಬಡ್ಡಿ ಮೇಲೆ ಪೆನಾಲ್ಟಿ, ಹೀಗೆ ಬೆಳ್ಕೊಂಡು ಬಂದದ್ದು. ಈ ಹತ್ತು ವರ್ಷದಲ್ಲಿ ಒಂದು ಕಾಗದ ಇಲ್ಲ, ಒಂದು ಮೆಸೇಜ್ ಇಲ್ಲ.

ಇಂಥ ದಾಖಲೆ ಏಳು ವರ್ಷ ಆದ್ರೆ ರಿಪೋರ್ಟಿನಿಂದ ತನ್ನಷ್ಟಕ್ಕೆ ಹೋಗ್ತದೆ ಅಂತ ಊರಲ್ಲಿ ಎಲ್ಲರೂ ಹೇಳುವುದು. ಅದು ಅರ್ಧ ಸತ್ಯ. ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು ಅಂತ ಕಾನೂನಲ್ಲಿ ಇರುವುದು, ಏಳಕ್ಕೆ ಅಳಿಸಬೇಕು ಅಂತ ಅಲ್ಲ, ಫೈನಾನ್ಸಿನವರು ಬಾಕಿ ಉಂಟು ಅಂತ ಕಳಿಸ್ತಾ ಇದ್ರೆ ಅದು ಹಾಗೇ ಜೀವಂತ.

ಬ್ಯಾಂಕಿಗೆ ಹೋಗಿ ಬಂದ ಮೇಲೆ ಯಾರು ಮೂಸಿ ನೋಡಿದ್ರೋ ಗೊತ್ತಿಲ್ಲ, ಒಬ್ಬ ರಿಕವರಿಯವನ ಫೋನ್ ಶುರು ಆಯ್ತು. ಹಿಂದಿಯಲ್ಲಿ ಮಾತು. ಎಂಟು ಸಾವಿರ ಈಗಲೇ ಗೂಗಲ್ ಪೇ ಮಾಡಿ, ಸೆಟ್ಲ್ ಮಾಡಿ ಸಿಬಿಲ್ ಕ್ಲೀನ್ ಮಾಡಿ ಕೊಡ್ತೇನೆ ಅಂತ. ಭಾವನಿಗೆ ಮಂಡೆಬಿಸಿ, "ಹೋಗ್ಲಿ ಮಾರಾಯ, ಎಂಟು ಸಾವಿರ ತಾನೇ, ಬಿಸಾಡಿ ಬಿಡುವ, ಮನೆಗೆ ಪಂಚಾಂಗ (ಅಡಿಪಾಯ) ಹಾಕುವ ಕೆಲಸ ನಿಲ್ಬಾರ್ದು" ಅಂದ್ರು. ನಾನು ಬೇಡವೇ ಬೇಡ ಅಂದೆ. ಯಾಕಂದ್ರೆ ಸೆಟ್ಲ್ಡ್ ಬೇರೆ, ಕ್ಲೋಸ್ಡ್ ಬೇರೆ. ಪೂರ್ತಿ ಕಟ್ಟದೆ ರಾಜಿ ಮಾಡಿಕೊಂಡ ಜನ ಅಂತ ಸೆಟ್ಲ್ಡ್ ಶಬ್ದ ರಿಪೋರ್ಟಿನಲ್ಲಿ ಕೂತುಬಿಡ್ತದೆ, ಮುಂದಿನ ಬ್ಯಾಂಕಿನವರು ಅದನ್ನು ನೋಡಿ ಮೂಗು ಮುರೀತಾರೆ. ದುಡ್ಡೂ ಹೋಯ್ತು, ಕಲೆಯೂ ಉಳೀತು. ಇನ್ನು ಸಿಬಿಲ್ ಕ್ಲೀನ್ ಮಾಡ್ಲಿಕ್ಕೆ ಅವನು ಯಾರು? ಸಾಲ ಕೊಟ್ಟವರು ತಿದ್ದಿ ಕಳಿಸದೆ ಸಿಬಿಲಿನವರೇ ಒಂದಕ್ಷರ ಬದಲಾಯಿಸ್ಲಿಕ್ಕಿಲ್ಲ.

ಇನ್ನೊಂದು ವಿಷಯ. ಇಂಥ ಸಾಲಕ್ಕೆ ಕೋರ್ಟಿಗೆ ಹೋಗ್ಲಿಕ್ಕೆ ಸಾಧಾರಣವಾಗಿ ಮೂರು ವರ್ಷದ ಅವಧಿ. ಅದು ದಾಟಿದ ಮೇಲೆ ಕೂಡ "ಬಾಕಿ ಹಣ ಕೊಡ್ತೇನೆ" ಅಂತ ಬರೆದು ಸಹಿ ಹಾಕಿ ಕೊಟ್ರೆ ಕಾಂಟ್ರಾಕ್ಟ್ ಆಕ್ಟಿನ 25ನೇ ಸೆಕ್ಷನ್ ಪ್ರಕಾರ ಅದು ಹೊಸ ಒಪ್ಪಂದ ಆಗಬಹುದು. ಹಾಗಾಗಿ ಅವನು ವಾಟ್ಸ್ಯಾಪಿನಲ್ಲಿ ಕಳಿಸಿದ ಸೆಟ್ಲ್‌ಮೆಂಟ್ ಲೆಟರಿಗೆ ಸಹಿ ಹಾಕ್ಲಿಕ್ಕೆ ಭಾವನನ್ನು ಬಿಡ್ಲಿಲ್ಲ. ಒಂದು ದಿನ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದ, ಬೆಳಿಗ್ಗೆ ಎಂಟರ ಮೊದಲು, ಸಂಜೆ ಏಳರ ನಂತರ ವಸೂಲಿಗೆ ಫೋನ್ ಮಾಡುವ ಹಾಗೆ ಇಲ್ಲ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ ಅಂದೆ, ಟಕ್ ಅಂತ ಇಟ್ಟ.

ಸರಿ, ಸಾಲ ತೀರಿದ್ದಕ್ಕೆ ಸಾಕ್ಷಿ ಎಲ್ಲಿ? ಭಾವನ ಹತ್ತಿರ ಎನ್‌ಒಸಿ, ಅಂದ್ರೆ ಫೈನಾನ್ಸಿನವರು ಕೊಡುವ ಆಕ್ಷೇಪ ಇಲ್ಲ ಅನ್ನುವ ಪತ್ರ, ಇಲ್ಲ, ಅದನ್ನು ಆಗಲೇ ಆರ್‌ಟಿಒಗೆ ಕೊಟ್ಟಾಗಿದೆ. ಪಾಸ್‌ಬುಕ್ ಸಿಕ್ಕಿತು, ಅದು ವಿಜಯಾ ಬ್ಯಾಂಕಿಂದು, 2019ರ ಏಪ್ರಿಲಿನಿಂದ ಅದು ಬ್ಯಾಂಕ್ ಆಫ್ ಬರೋಡ ಆಗಿದೆಯಲ್ಲ. ಪ್ರಿಂಟ್ ಎಷ್ಟು ಮಾಸಿದೆ ಅಂದ್ರೆ ಪುಟವನ್ನು ಕಿಟಕಿ ಹತ್ರ ಓರೆ ಹಿಡಿದು ಮೊಬೈಲ್ ಟಾರ್ಚ್ ಬದಿಯಿಂದ ಹಾಕಿದ್ರೆ ಮಾತ್ರ ಕಂತಿನ ಸಾಲುಗಳು ಕಾಣ್ತವೆ, ಹಾಗೆ ಒಂದೊಂದೇ ಫೋಟೋ ತೆಗೆದದ್ದು. ಆದ್ರೆ ಅಸಲಿ ಸಾಕ್ಷಿ ಅದಲ್ಲ, ಆರ್‌ಸಿ. ಬೈಕ್ ಮಾರುವಾಗ ತೆಗೆದಿಟ್ಟ ಕಾಪಿಯಲ್ಲಿ ಎಚ್‌ಪಿ ಕ್ಯಾನ್ಸಲ್ ಅಂತ ಉಂಟು, ಎಚ್‌ಪಿ ಅಂದ್ರೆ ಸಾಲಕ್ಕಾಗಿ ಗಾಡಿ ಮೇಲೆ ಫೈನಾನ್ಸಿನವರಿಗೆ ಇರುವ ಹಕ್ಕು. ಎಚ್‌ಪಿ ತೆಗೀಬೇಕಾದ್ರೆ ಫಾರಂ 35 ಬೇಕು, ಅದಕ್ಕೆ ಫೈನಾನ್ಸಿನವರದ್ದೇ ಸಹಿ ಸೀಲು ಬೇಕು. ಅಂದ್ರೆ ಅವರೇ 2016ರಲ್ಲಿ ಈ ಗಾಡಿ ಮೇಲೆ ನಮ್ಮದು ಇನ್ನೇನೂ ಇಲ್ಲ ಅಂತ ಸರ್ಕಾರಕ್ಕೆ ಬರೆದು ಕೊಟ್ಟಿದ್ದಾರೆ! ಹಳೇ ವೆಹಿಕಲ್ ಲೋನಿನ ತಕರಾರು ಇರುವವರು ಮೊದಲು ಆರ್‌ಸಿ ಹುಡುಕಿ, ಇದನ್ನು ಯಾರೂ ಹೇಳಿ ಕೊಡುವುದಿಲ್ಲ.

ಸಿಬಿಲ್ ಸೈಟಿನಲ್ಲಿ ಡಿಸ್ಪ್ಯೂಟ್ ಹಾಕಿದೆವು. ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗುವ ಅಗತ್ಯವೂ ಇಲ್ಲ, ಮೊಬೈಲಲ್ಲೇ ಆಗ್ತದೆ. ಡಿಸ್ಪ್ಯೂಟ್ ಬಂದ್ರೆ ಅವರು ಫೈನಾನ್ಸಿಗೆ ಕೇಳ್ತಾರೆ, ಫೈನಾನ್ಸಿನವರು 21 ದಿನದೊಳಗೆ ಉತ್ತರ ಕೊಡಬೇಕು, ಒಟ್ಟು 30 ದಿನದಲ್ಲಿ ಮುಗೀಬೇಕು, ತಡ ಆದ್ರೆ ದಿನಕ್ಕೆ 100 ರೂಪಾಯಿ ಪರಿಹಾರ, 2024ರ ಏಪ್ರಿಲಿನಿಂದ ಈ ನಿಯಮ. ನಮ್ಮ ಫೈನಾನ್ಸಿನವರು ಹುಷಾರು, ಅವಧಿ ಒಳಗೇ "ನಮ್ಮ ದಾಖಲೆ ಸರಿ ಉಂಟು" ಅಂತ ಒಂದು ಸಾಲು ಬರೆದು ಕೈ ತೊಳ್ಕೊಂಡ್ರು, ಹಾಗಾಗಿ ನೂರರ ಆಸೆಯೂ ಹೋಯ್ತು.

ಆಮೇಲೆ ಅವರದ್ದೇ ಗ್ರೀವೆನ್ಸ್ ಆಫೀಸರಿಗೆ ಇಮೇಲೂ ಸ್ಪೀಡ್ ಪೋಸ್ಟೂ ಎರಡೂ ಮಾಡಿದ್ದು. ಉದ್ದ ಕಥೆ ಬರೀಲಿಲ್ಲ. ಲೋನ್ ನಂಬರ್, ಆರ್‌ಸಿ ಕಾಪಿ, ಪಾಸ್‌ಬುಕ್ ಫೋಟೋ, ಮತ್ತೆ ಒಂದೇ ಪ್ರಶ್ನೆ: ಬಾಕಿ ಇದ್ದಿದ್ರೆ ಫಾರಂ 35ಕ್ಕೆ ಸಹಿ ಹಾಕಿದ್ದು ಯಾಕೆ, 2014ರಿಂದ ಇವತ್ತಿನವರೆಗಿನ ಲೆಜರ್ ಕೊಡಿ. ಉತ್ತರ ಬರ್ಲಿಲ್ಲ. ತಿಂಗಳು ಕಳೆದ ಮೇಲೆ ಗ್ರಾಹಕರ ದೂರು ನೋಡುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್ ಕಂಪ್ಲೇಂಟ್ ಹಾಕಿದೆ, ಅದಕ್ಕೂ ಫೀಸಿಲ್ಲ, ವಕೀಲರೂ ಬೇಡ. ಆಗ ನೋಡಿ, ಅಷ್ಟು ದಿನ ಸತ್ತು ಹೋಗಿದ್ದ ಫೈನಾನ್ಸಿಗೆ ಜೀವ ಬಂದು ಅವರೇ ಫೋನ್ ಮಾಡಿದ್ರು, "ಸಿಸ್ಟಮ್ ಮೈಗ್ರೇಶನ್ನಿನಲ್ಲಿ ಆದದ್ದು ಸರ್". ಭಾವ "ಹೌದಾ, ಪಾಪ" ಅಂದ್ರು! ನನಗೆ ಪಾಪ ಎಲ್ಲ ಕಾಣ್ಲಿಲ್ಲ, ಬಾಯಲ್ಲಿ ಹೇಳಿದ್ದು ಬೇಡ, ಬರೆದು ಕೊಡಿ ಅಂದೆ. ನೋ ಡ್ಯೂಸ್ ಸರ್ಟಿಫಿಕೇಟ್ ಬಂತು, ಸಿಬಿಲಿನಲ್ಲಿ ಕ್ಲೋಸ್ಡ್, ಬಾಕಿ ಸೊನ್ನೆ ಅಂತ ಆಯ್ತು. ರಿಕವರಿಯವನ ಫೋನೂ ನಿಂತಿತು.

ಅಲ್ಲಿಗೆ ಮುಗೀಲಿಲ್ಲ. ಉಳಿದ ಮೂರರ ರಿಪೋರ್ಟ್ ತೆಗೆದು ನೋಡಿದ್ರೆ ಒಂದರಲ್ಲಿ ಇನ್ನೂ ರಿಟನ್ ಆಫ್ ಅಂತಲೇ ಉಂಟು, ಫೈನಾನ್ಸಿನವರು ಅಲ್ಲಿಗೆ ತಿದ್ದಿ ಕಳಿಸ್ಲೇ ಇಲ್ಲ ಅಂತ ಕಾಣ್ತದೆ. ಮ್ಯಾನೇಜರ್ ಹತ್ರ ಕೇಳಿದ್ರೆ ಅವರ ಬ್ಯಾಂಕು ಎರಡು ಕಡೆ ನೋಡ್ತದಂತೆ. ಅಲ್ಲಿಗೂ ಡಿಸ್ಪ್ಯೂಟ್ ಹಾಕಿ ಆಯ್ತು, ಈ ಸಲ ನೋ ಡ್ಯೂಸ್ ಸರ್ಟಿಫಿಕೇಟ್ ಕೈಯಲ್ಲಿ ಉಂಟು. ಭಾವ ಕೆಂಪುಕಲ್ಲಿಗೆ ಅಡ್ವಾನ್ಸ್ ಕೊಟ್ಟು ಬಂದಿದ್ದಾರೆ, ಅಕ್ಕ ದಿನಾ ಕೇಳ್ತಾಳೆ ಸರಿ ಆಯ್ತಾ ಅಂತ.